ಡೇಟನ್ನಿನ ಪತ್ರಿಕೆಯವನು ಓಹಾಯೋದ ಗವರ್ನರನಾದ ಕಥೆ

ನಿವೃತ್ತಿಯ ಮರುವರ್ಷ, ಅಂದರೆ 2019ರ ಬೇಸಿಗೆಯಲ್ಲಿ, ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಅಮೆರಿಕೆಗೆ ಹೋಗಿದ್ದೆವು. ಷಿಕಾಗೋದಲ್ಲಿ ವಿಮಾನ ಬದಲಿಸಿ ಓಹಾಯೋ ರಾಜ್ಯದ ಡೇಟನ್ ಎಂಬ ನಗರದಲ್ಲಿ ಇಳಿಯಬೇಕಿತ್ತು. ಡೇಟನ್ ಎಂದರೆ ರೈಟ್ ಸಹೋದರರ ಊರು. ಅಲ್ಲಿಯ ವಿಮಾನ ನಿಲ್ದಾಣಕ್ಕೆ ಅವರ ಹೆಸರಲ್ಲದೆ ಇನ್ನಾರ ಹೆಸರಿರಲು ಸಾಧ್ಯ ಎಂದುಕೊಂಡಿದ್ದ ನನಗೆ, ಗೋಡೆಯ ಮೇಲೆ ಕಂಡ ಹೆಸರು ಅಚ್ಚರಿ ತಂದಿತು. ಜೇಮ್ಸ್ ಎಂ. ಕಾಕ್ಸ್. ರೈಟ್ ಸಹೋದರರ ಹೆಸರಿನಲ್ಲಿ ಊರಿನ ದಕ್ಷಿಣಕ್ಕೆ ಒಂದು ಸಣ್ಣ ನಿಲ್ದಾಣವಿದೆಯೆಂದು ಆಮೇಲೆ ತಿಳಿಯಿತು. ದೊಡ್ಡದು ಮಾತ್ರ ಕಾಕ್ಸನದು.

ಈ ಹೆಸರನ್ನು ಎಲ್ಲಿಯೋ ಕೇಳಿದ್ದೇನಲ್ಲಾ ಎಂದು ಲಗೇಜಿಗಾಗಿ ಕಾಯುವಷ್ಟು ಹೊತ್ತೂ ಯೋಚಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ ನೆನಪಾಯಿತು. ಕೇಳಿದ್ದಲ್ಲ, ಹೇಳದೇ ಬಿಟ್ಟ ಹೆಸರು ಅದು. 1991ನೇ ಇಸವಿ ಇರಬೇಕು. ಹತ್ತನೆಯ ತರಗತಿಗೆ ರಾಷ್ಟ್ರಸಂಘದ ಪಾಠ ಮಾಡುತ್ತಿದ್ದೆ. ವುಡ್ರೋ ವಿಲ್ಸನ್ ಕಂಡ ಕನಸು, ಅಮೆರಿಕೆಯ ಸೆನೆಟ್ ಅದಕ್ಕೆ ಒಪ್ಪದೇ ಹೋದದ್ದು, 1920ರ ಚುನಾವಣೆಯಲ್ಲಿ ಹಾರ್ಡಿಂಗ್ ಗೆದ್ದದ್ದು, ಅಲ್ಲಿಗೆ ಆ ಕನಸು ಮುಗಿದದ್ದು. ಎಡಬದಿಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಸೋತವರ ಹೆಸರೇನು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ತರಗತಿ ನಕ್ಕಿತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ನಾನು ಕೊಟ್ಟ ಕೆಟ್ಟ ಉತ್ತರಗಳಲ್ಲಿ ಅದೂ ಒಂದು. ಆ ಬಾಕಿಯನ್ನು ತೀರಿಸಲು ಇಂದು ಈ ಬರಹ.

ಮೊದಲಿಗೆ ಒಂದು ಮಾತು. ಗವರ್ನರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ರಾಜಭವನ, ಪ್ರಮಾಣವಚನ, ಘಟಿಕೋತ್ಸವ. ನಮ್ಮಲ್ಲಿಯೂ ಪತ್ರಿಕೆ ಕಟ್ಟಿದವರು ಆ ಪದವಿಗೆ ಏರಿದ್ದುಂಟು. 'ಕರ್ಮವೀರ', 'ಸಂಯುಕ್ತ ಕರ್ನಾಟಕ'ಗಳ ರಂಗನಾಥ ದಿವಾಕರರು 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. ಆದರೆ ನಮ್ಮ ರಾಜ್ಯಪಾಲರು ನೇಮಕಗೊಂಡವರು. ಅಮೆರಿಕೆಯ ಗವರ್ನರನಾದರೋ ಜನರಿಂದ ನೇರವಾಗಿ ಆರಿಸಿ ಬಂದವನು. ನಮ್ಮ ಮುಖ್ಯಮಂತ್ರಿಗೆ ಸಮಾನ. ಕಾಕ್ಸನ ಕಾಲದಲ್ಲಿ ಓಹಾಯೋದ ಗವರ್ನರನ ಅವಧಿ ಎರಡೇ ವರ್ಷ. ಕುರ್ಚಿ ಬಿಸಿಯಾಗುವ ಮೊದಲೇ ಮತ್ತೆ ಮತ ಕೇಳಲು ಹೊರಡಬೇಕು.

ಜೇಮ್ಸ್ ಮಿಡಲ್ಟನ್ ಕಾಕ್ಸ್ ಹುಟ್ಟಿದ್ದು 1870ರ ಮಾರ್ಚ್ 31ರಂದು, ಓಹಾಯೋದ ಜಾಕ್ಸನ್‌ಬರ್ಗ್ ಎಂಬ ಹಳ್ಳಿಯ ಬಳಿ, ಒಂದು ರೈತ ಕುಟುಂಬದಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಓದಿದ್ದು ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ. ನಮ್ಮ ಏಕೋಪಾಧ್ಯಾಯ ಶಾಲೆಗಳನ್ನು ಕಂಡವರಿಗೆ ಅದರ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಉಪಾಧ್ಯಾಯರ ಅರ್ಹತಾ ಪರೀಕ್ಷೆ ಪಾಸು ಮಾಡಿ ಹದಿಹರೆಯದಲ್ಲಿಯೇ ಶಾಲಾ ಮಾಸ್ತರನಾದ. ನಮ್ಮ ವೃತ್ತಿಬಾಂಧವನೆಂಬ ಅಭಿಮಾನ ನನಗೆ ಇಲ್ಲಿಂದಲೇ ಆರಂಭ. ಆದರೆ ಅವನ ಮನಸ್ಸು ಕರಿಹಲಗೆಯ ಮೇಲೆ ನಿಲ್ಲಲಿಲ್ಲ. ಮಿಡಲ್‌ಟೌನ್ ಎಂಬಲ್ಲಿ ಅವನ ಭಾವ ಒಂದು ವಾರಪತ್ರಿಕೆ ನಡೆಸುತ್ತಿದ್ದ. ಅಲ್ಲಿ ಶಾಯಿಯ ವಾಸನೆ ಹತ್ತಿತು. ಮುಂದೆ ಸಿನ್ಸಿನಾಟಿಯ 'ಎನ್‌ಕ್ವೈರರ್' ದಿನಪತ್ರಿಕೆಯಲ್ಲಿ ವರದಿಗಾರನಾದ. ಅನಂತರ ಪಾಲ್ ಸೋರ್ಗ್ ಎಂಬ ತಂಬಾಕು ಉದ್ಯಮಿ ಕಾಂಗ್ರೆಸ್ ಸದಸ್ಯನಾದಾಗ ಅವನ ಕಾರ್ಯದರ್ಶಿಯಾಗಿ ವಾಷಿಂಗ್ಟನ್ ಸೇರಿದ.

1898ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಸೋರ್ಗನ ನೆರವಿನಿಂದ 26,000 ಡಾಲರು ಹೊಂದಿಸಿ ಡೇಟನ್ನಿನಲ್ಲಿ ಏದುಸಿರು ಬಿಡುತ್ತಿದ್ದ ಒಂದು ಸಂಜೆ ಪತ್ರಿಕೆಯನ್ನು ಕೊಂಡ. ಅದನ್ನೇ 'ಡೇಟನ್ ಡೈಲಿ ನ್ಯೂಸ್' ಎಂದು ಹೆಸರು ಬದಲಿಸಿದ. ಪತ್ರಿಕೆಯನ್ನು ಅವನು ಎತ್ತಿ ನಿಲ್ಲಿಸಿದ ಬಗೆ ನೋಡಿದರೆ ವ್ಯಾಪಾರಿಯ ಬುದ್ಧಿಯೂ ಹಳ್ಳಿಗನ ಬುದ್ಧಿಯೂ ಕೂಡಿದ್ದವೆನಿಸುತ್ತದೆ. ರೈತರಿಗಾಗಿ ಧಾನ್ಯ ಹಾಗೂ ಜಾನುವಾರುಗಳ ಪೇಟೆಧಾರಣೆ, ಪಟ್ಟಣದ ಸುತ್ತಲಿನ ಊರುಗಳ ಸುದ್ದಿಗೆ ಪ್ರತ್ಯೇಕ ಅಂಕಣ, ಛಾಯಾಚಿತ್ರಗಳು, ಧಾರಾವಾಹಿಯಾಗಿ ಪುಸ್ತಕಗಳು. 1905ರಲ್ಲಿ ಪಕ್ಕದ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೂ ಅವನ ಕೈಸೇರಿತು.

ಇಷ್ಟೆಲ್ಲ ಸುದ್ದಿಯ ಮೂಗಿದ್ದವನ ಪತ್ರಿಕೆ ತನ್ನ ಮನೆ ಬಾಗಿಲಲ್ಲಿಯೇ ಬಿದ್ದಿದ್ದ ಶತಮಾನದ ಸುದ್ದಿಯನ್ನು ಎಡವಿ ದಾಟಿತು. 1903ರ ಡಿಸೆಂಬರ್ 17ರಂದು ಡೇಟನ್ನಿನ ಸೈಕಲ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರು ಕಿಟ್ಟಿಹಾಕ್ ಕಡಲತೀರದಲ್ಲಿ ಹಾರಿದರು. ತಂದೆಗೆ ತಂತಿ ಬಂತು. ಊರಿನ ಪತ್ರಿಕೆಗಳು ಅದಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಅದಾದರೂ ದೂರದ ಮಾತು. 1904 ಮತ್ತು 1905ರಲ್ಲಿ ಅವರು ಹಾರಾಟ ನಡೆಸಿದ್ದು ಡೇಟನ್ನಿನಿಂದ ಕೆಲವೇ ಮೈಲಿ ದೂರದ ಹಫ್‌ಮನ್ ಪ್ರೇರಿ ಎಂಬ ದನ ಮೇಯುವ ಬಯಲಿನಲ್ಲಿ. ಪಕ್ಕದಲ್ಲಿಯೇ ಟ್ರಾಮು ಓಡುತ್ತಿತ್ತು. ಅದರಲ್ಲಿ ಕುಳಿತವರು ಕಂಡರು, ಬಂದು ಹೇಳಿದರು. 1905ರ ಅಕ್ಟೋಬರ್ 5ರಂದು ವಿಲ್ಬರ್ ರೈಟ್ ಮೂವತ್ತೊಂಬತ್ತು ನಿಮಿಷ ಆಕಾಶದಲ್ಲಿದ್ದ. ಆದರೂ ಕಾಕ್ಸನ ಪತ್ರಿಕೆ ಅದಕ್ಕೆ ತಕ್ಕ ಮಹತ್ವ ಕೊಡಲಿಲ್ಲ. ಹಾರಾಟವನ್ನು ಕಣ್ಣಾರೆ ಕಂಡು ಮೊದಲು ವಿವರವಾಗಿ ಬರೆದವನು ಏಮಸ್ ರೂಟ್ ಎಂಬ ಜೇನುಕೃಷಿಕ. ಪ್ರಕಟವಾದದ್ದು 1905ರ ಜನವರಿಯಲ್ಲಿ ಅವನ ಜೇನುಸಾಕಣೆಯ ಪತ್ರಿಕೆಯಲ್ಲಿ! ನಮ್ಮವರು ಯಾರೂ ಆ ಮಾತನ್ನು ನಂಬಲಿಲ್ಲ ಎಂದು ಕಾಕ್ಸ್ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಆ ಊರಿನ ವಿಮಾನ ನಿಲ್ದಾಣಕ್ಕೆ ಇಂದು ಅವನದೇ ಹೆಸರು. ಕಾಲಪುರುಷನಿಗೂ ಹಾಸ್ಯಪ್ರಜ್ಞೆ ಇದೆ.

1908ರಲ್ಲಿ ಕಾಕ್ಸ್ ಡೆಮಾಕ್ರಟಿಕ್ ಪಕ್ಷದಿಂದ ಕಾಂಗ್ರೆಸ್ಸಿಗೆ ಆರಿಸಿಬಂದ, 1910ರಲ್ಲಿ ಮತ್ತೆ ಗೆದ್ದ. 1912ರಲ್ಲಿ ರಿಪಬ್ಲಿಕನ್ನರು ಇಬ್ಭಾಗವಾಗಿ ಕಾದಾಡುತ್ತಿದ್ದಾಗ ಓಹಾಯೋದ ಗವರ್ನರನಾದ. ಪದವಿ ಸ್ವೀಕರಿಸಿ ಮೂರು ತಿಂಗಳು ತುಂಬುವ ಮೊದಲೇ ಪರೀಕ್ಷೆ ಬಂತು.

ನೇತ್ರಾವತಿಯ ದಡದವರಿಗೆ 1923ರ ಹಾಗೂ 1974ರ ಬೊಳ್ಳವನ್ನು ವಿವರಿಸಬೇಕಾಗಿಲ್ಲ. 1974ರಲ್ಲಿ ನಾನು ಹದಿನಾರರ ಹುಡುಗ. ಮನೆಯ ಅಟ್ಟದಲ್ಲಿ ಅಕ್ಕಿಮುಡಿಗಳ ನಡುವೆ ಕುಳಿತು ಅಂಗಳದಲ್ಲಿ ನೀರು ಏರುವುದನ್ನು ನೋಡಿದ್ದೇನೆ. ಡೇಟನ್ನಿನ ಜನ 1913ರ ಮಾರ್ಚ್ 25ರಂದು ಹೀಗೆಯೇ ಅಟ್ಟ ಹತ್ತಿದರು. ಈಸ್ಟರ್ ಭಾನುವಾರದಿಂದ ಸುರಿದ ಮಳೆಗೆ ಗ್ರೇಟ್ ಮಯಾಮಿ ನದಿಯ ಒಡ್ಡುಗಳು ಒಡೆದವು. ಪೇಟೆಯ ಕೆಲವು ಬೀದಿಗಳಲ್ಲಿ ಇಪ್ಪತ್ತು ಅಡಿ ನೀರು. ಗ್ಯಾಸಿನ ಕೊಳವೆಗಳು ಒಡೆದು ಬೆಂಕಿ ಹೊತ್ತಿ, ನೀರಿನ ನಡುವೆಯೇ ಕಟ್ಟಡಗಳು ಉರಿದವು. 360ಕ್ಕೂ ಹೆಚ್ಚು ಜನ ಸತ್ತರು, ಸುಮಾರು 65,000 ಜನ ಮನೆ ಬಿಟ್ಟರು.

ರಾಜಧಾನಿ ಕೊಲಂಬಸ್ಸಿನಲ್ಲಿದ್ದ ಗವರ್ನರನಿಗೆ ಸ್ವಂತ ಊರಿನ ಸುದ್ದಿ ತಿಳಿಯುವ ದಾರಿಯೇ ಇರಲಿಲ್ಲ. ಕೊಲಂಬಸ್ಸಿನ ನದಿಯೂ ಉಕ್ಕಿತ್ತು. ಡೇಟನ್ನಿನ ದೂರವಾಣಿ ಕೇಂದ್ರದಲ್ಲಿ ನೀರಿನ ನಡುವೆ ಸಿಕ್ಕಿಬಿದ್ದಿದ್ದ ಜಾನ್ ಬೆಲ್ ಎಂಬ ನೌಕರ ಉಳಿದಿದ್ದ ಒಂದು ತಂತಿಯಿಂದ ಹೊರಗಿನ ಸಂಪರ್ಕ ಸಾಧಿಸಿ, ಕಂಡದ್ದನ್ನೂ ಕೇಳಿದ್ದನ್ನೂ ಗವರ್ನರನಿಗೆ ಮತ್ತೆ ಮತ್ತೆ ತಿಳಿಸುತ್ತಾ ಹೋದ. ಒಂದು ಕಾಲದ ವರದಿಗಾರ ಇನ್ನೊಂದು ತುದಿಯಲ್ಲಿ ಕುಳಿತು ವಿಷಯ ಕೆದಕಿ ಕೇಳಿದ. ಸೈನ್ಯಾಡಳಿತ ಘೋಷಿಸಿ ರಾಜ್ಯದ ಪಡೆಯನ್ನು ಕಳುಹಿಸಿದ್ದು, ನೆರೆರಾಜ್ಯಗಳಿಂದ ಧಾನ್ಯ, ಗುಡಾರ ಕೇಳಿದ್ದು ಎಲ್ಲವೂ ಆ ಸುದ್ದಿಯ ಬಲದ ಮೇಲೆ.

ಊರೊಳಗೆ ರಕ್ಷಣೆಯ ಮುಂದಾಳಾದವನು ಜಾನ್ ಪ್ಯಾಟರ್ಸನ್. ಅಂಗಡಿಗಳಲ್ಲಿ ಹಣ ಎಣಿಸುವ ಕ್ಯಾಶ್ ರಿಜಿಸ್ಟರ್ ಯಂತ್ರದ ಕಾರ್ಖಾನೆಯ ಒಡೆಯ. ಅವನ ಕಾರ್ಖಾನೆ ಎತ್ತರದ ನೆಲದಲ್ಲಿತ್ತು. ಯಂತ್ರಗಳನ್ನು ನಿಲ್ಲಿಸಿ ಬಡಗಿಗಳ ಕೈಯಲ್ಲಿ ದೋಣಿ ಮಾಡಿಸಿದ. ಹೀಗೆ ಸುಮಾರು 300 ದೋಣಿಗಳು ನೀರಿಗಿಳಿದವು. ವಿಚಿತ್ರವೆಂದರೆ ಅದಕ್ಕೆ ಒಂದೇ ತಿಂಗಳ ಮೊದಲು, ಪೈಪೋಟಿಯ ಕಂಪೆನಿಗಳನ್ನು ಅಡ್ಡದಾರಿಯಲ್ಲಿ ಮುಗಿಸಿದ ಅಪರಾಧಕ್ಕೆ ನ್ಯಾಯಾಲಯ ಅವನಿಗೆ ಒಂದು ವರ್ಷದ ಸೆರೆವಾಸ ವಿಧಿಸಿತ್ತು. ಮೇಲಿನ ನ್ಯಾಯಾಲಯ ಆ ತೀರ್ಪನ್ನು 1915ರಲ್ಲಿ ತಳ್ಳಿಹಾಕಿತು. ಮನುಷ್ಯರನ್ನು ಒಂದೇ ಖಾತೆಯಲ್ಲಿ ಬರೆದಿಡುವುದು ಕಷ್ಟ.

ನೆರೆ ಇಳಿದ ಮೇಲೆ ಎಲ್ಲ ಊರುಗಳಲ್ಲಿಯೂ ನಡೆಯುವುದೇನು? ಕೆಸರು ತೊಳೆಯುತ್ತಾರೆ, ಪರಿಹಾರದ ಅರ್ಜಿ ಬರೆಯುತ್ತಾರೆ, ಮರೆಯುತ್ತಾರೆ. ಡೇಟನ್ನಿನವರು ಮರೆಯಲಿಲ್ಲ. ಎರಡು ತಿಂಗಳೊಳಗೆ ತಮ್ಮಲ್ಲಿಯೇ ಇಪ್ಪತ್ತು ಲಕ್ಷ ಡಾಲರಿಗೂ ಮಿಗಿಲಾದ ನಿಧಿ ಕೂಡಿಸಿದರು. ಆರ್ಥರ್ ಮಾರ್ಗನ್ ಎಂಬ ಇಂಜಿನಿಯರನನ್ನು ಕರೆಸಿದರು. ಅವನು ಸೂಚಿಸಿದ್ದು ಐದು ಒಣ ಅಣೆಕಟ್ಟುಗಳನ್ನು. ಅಂದರೆ ಉಳಿದ ದಿನಗಳಲ್ಲಿ ನದಿ ಅಣೆಯ ಬುಡದ ತೂಬಿನ ಮೂಲಕ ತನ್ನಷ್ಟಕ್ಕೆ ಹರಿಯುತ್ತದೆ, ಹಿಂದಿನ ಜಮೀನಿನಲ್ಲಿ ಬೇಸಾಯ ನಡೆಯುತ್ತದೆ. ನೆರೆ ಬಂದಾಗ ತೂಬು ಬಿಡುವಷ್ಟೇ ನೀರು ಮುಂದೆ ಹೋಗಿ, ಉಳಿದದ್ದು ಹೊಲಗಳ ಮೇಲೆ ನಿಂತು, ನಿಧಾನವಾಗಿ ಇಳಿಯುತ್ತದೆ. ಬಾಗಿಲಿಲ್ಲ, ಯಂತ್ರವಿಲ್ಲ, ತೆರೆಯಲು ಮುಚ್ಚಲು ಆಳೂ ಬೇಡ. ಆದರೆ ಹಲವು ಜಿಲ್ಲೆಗಳ ಭೂಮಿ ಬೇಕಲ್ಲ? ಒಂದು ಊರನ್ನು ಉಳಿಸಲು ಇನ್ನೊಂದು ಊರಿನ ರೈತ ತನ್ನ ಹೊಲವನ್ನು ಏಕೆ ಕೊಡಬೇಕು? ಪ್ರಬಲ ವಿರೋಧ ಬಂತು. ಇಡೀ ನದೀಕಣಿವೆಯನ್ನು ಒಂದು ಆಡಳಿತ ಘಟಕವಾಗಿ ಮಾಡಿ ತೆರಿಗೆ ಹಾಕುವ ಅಧಿಕಾರ ಕೊಡುವ ಕಾನೂನಿಗೆ ಕಾಕ್ಸ್ 1914ರಲ್ಲಿ ಸಹಿ ಹಾಕಿದ. ಐದೂ ಅಣೆಗಳು 1922ರ ಹೊತ್ತಿಗೆ ಮುಗಿದವು. ಆಸ್ಬರ್ನ್ ಎಂಬ ಒಂದು ಹಳ್ಳಿಯನ್ನು ಮನೆಗಳ ಸಮೇತ ಎತ್ತಿ ಬೇರೆಡೆಗೆ ಸಾಗಿಸಬೇಕಾಯಿತು. ಆ ಬಳಿಕ ಡೇಟನ್ ಅಂತಹ ನೆರೆಯನ್ನು ಕಂಡಿಲ್ಲ. ನಾನು ನೋಡಿದ್ದು ಹಫ್‌ಮನ್ ಅಣೆಯನ್ನು. ರೈಟ್ ಸಹೋದರರು ಹಾರಿದ ಬಯಲಿನ ಪಕ್ಕದಲ್ಲಿಯೇ ಇದೆ. ಹುಲ್ಲು ಹೊದ್ದ ಮಣ್ಣಿನ ದಿಬ್ಬ. ಅಳಿಯಂದಿರು ಹೇಳದಿದ್ದರೆ ಗುಡ್ಡವೆಂದೇ ತಿಳಿಯುತ್ತಿದ್ದೆ.

ಅದೇ ಅವಧಿಯಲ್ಲಿ ಕಾರ್ಖಾನೆಯಲ್ಲಿ ಗಾಯಗೊಂಡ ಕಾರ್ಮಿಕರಿಗೆ ಕಡ್ಡಾಯ ಪರಿಹಾರ, ಬಾಲಕಾರ್ಮಿಕರ ದುಡಿಮೆಗೆ ಕಡಿವಾಣ ಮುಂತಾದ ಕಾನೂನುಗಳು ಬಂದವು. ಹಳ್ಳಿಶಾಲೆಗಳ ಸುಧಾರಣೆಯಂತೂ ಈ ಮಾಜಿ ಮಾಸ್ತರನ ಮುದ್ದಿನ ಕೆಲಸ. ರಾಜ್ಯದ ಶಾಲೆಗಳ ಸಮೀಕ್ಷೆ ನಡೆಸಿ, 1914ರಲ್ಲಿ ಹೊಸ ಶಾಲಾ ಕಾನೂನು ತಂದ. ತರಬೇತಿ ಪಡೆದ ಶಿಕ್ಷಕರು ಬೇಕು, ಜಿಲ್ಲೆಗೊಬ್ಬ ಮೇಲ್ವಿಚಾರಕ ಬೇಕು, ಒಂದು ಕೋಣೆಯ ಶಾಲೆಗಳು ಒಗ್ಗೂಡಬೇಕು. ರೈತರಿಗೆ ಇದು ಹಿಡಿಸಲಿಲ್ಲ. ನಮ್ಮೂರ ಶಾಲೆ ಮುಚ್ಚಬೇಡಿ ಎಂಬ ಕೂಗನ್ನು ನಾವೂ ಕೇಳಿದವರೇ ಅಲ್ಲವೇ? 1914ರ ಚುನಾವಣೆಯಲ್ಲಿ ಫ್ರಾಂಕ್ ವಿಲ್ಲಿಸ್ ಎಂಬವನೆದುರು ಕಾಕ್ಸ್ ಸೋತುದಕ್ಕೆ ಈ ಅಸಮಾಧಾನವೂ ಒಂದು ಕಾರಣ. 1916ರಲ್ಲಿ ಅದೇ ವಿಲ್ಲಿಸನನ್ನು ಸೋಲಿಸಿ ಮರಳಿದ, 1918ರಲ್ಲಿ ಮತ್ತೊಮ್ಮೆ ಸೋಲಿಸಿದ.

ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು. ಇನ್ನು ಮುಂದಿನದನ್ನು ಎರಡು ವಾರ ತಡೆದು ಬರೆಯುತ್ತಿದ್ದೇನೆ.

ಓಹಾಯೋ ರಾಜ್ಯದಲ್ಲಿ, ವಿಶೇಷವಾಗಿ ಸಿನ್ಸಿನಾಟಿಯಲ್ಲಿ, ಜರ್ಮನ್ ಮೂಲದವರು ಬಹಳ. 1840ರಷ್ಟು ಹಿಂದೆಯೇ ಅಲ್ಲಿಯ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆ ಜರ್ಮನ್ ಕಲಿಸಲು ಕಾನೂನಿನ ಆಧಾರ ಒದಗಿತ್ತು. ಮನೆಯಲ್ಲಿ ಜರ್ಮನ್, ಚರ್ಚಿನಲ್ಲಿ ಜರ್ಮನ್, ಓದುವ ಪತ್ರಿಕೆ ಜರ್ಮನ್. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದೊಡನೆ ಇವೆಲ್ಲವೂ ದೇಶದ್ರೋಹದಂತೆ ಕಾಣತೊಡಗಿದವು. ಬೀದಿಗಳ ಹೆಸರುಗಳನ್ನೂ ಬದಲಿಸಿದರು. ಯುದ್ಧ ನಿಂತ ಮೇಲಾದರೂ ಬುದ್ಧಿ ತಿಳಿಯಾಗಬೇಕಿತ್ತು; ಆಗಲಿಲ್ಲ. 1919ರಲ್ಲಿ ಎಂಟನೆಯ ತರಗತಿಗಿಂತ ಕೆಳಗೆ ಜರ್ಮನ್ ಕಲಿಸಬಾರದು, ಖಾಸಗಿ ಶಾಲೆಯಲ್ಲಿಯೂ ಚರ್ಚಿನ ಶಾಲೆಯಲ್ಲಿಯೂ ಕೂಡದು ಎಂಬ ಕಾನೂನು ಓಹಾಯೋದಲ್ಲಿ ಬಂತು. ಗವರ್ನರ್ ಕಾಕ್ಸ್ ಅದಕ್ಕೆ ಸುಮ್ಮನೆ ಸಹಿ ಹಾಕಿದ್ದಲ್ಲ. ಮುಂದೆ ನಿಂತು ಅದನ್ನು ಬಯಸಿದ. ಮಕ್ಕಳಿಗೆ ಜರ್ಮನ್ ಕಲಿಸುವುದೆಂದರೆ ಅವರನ್ನು ಜರ್ಮನಿಗೆ ನಿಷ್ಠರನ್ನಾಗಿಸುವ ಸಂಚು ಎಂದು ಬಹಿರಂಗವಾಗಿ ವಾದಿಸಿದ. ಹಳ್ಳಿಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದು ಚುನಾವಣೆಯನ್ನೇ ಕಳೆದುಕೊಂಡವನು ಇವನೇ.

ಇದೇ ಬಗೆಯ ಕಾನೂನು ನೆಬ್ರಾಸ್ಕ ರಾಜ್ಯದಲ್ಲಿಯೂ ಇತ್ತು. ಅಲ್ಲಿ ರಾಬರ್ಟ್ ಮೇಯರ್ ಎಂಬ ಶಾಲಾ ಶಿಕ್ಷಕ ಹತ್ತು ವರ್ಷದ ಬಾಲಕನಿಗೆ ಜರ್ಮನ್ ಭಾಷೆಯಲ್ಲಿ ಬೈಬಲ್ ಕಥೆ ಓದಿಸಿದ್ದಕ್ಕೆ 25 ಡಾಲರು ದಂಡ ತೆತ್ತಬೇಕೆಂದಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1923ರ ಜೂನ್ 4ರಂದು ಕೋರ್ಟು ಆ ಕಾನೂನನ್ನು ಅಸಿಂಧುಗೊಳಿಸಿತು. ಅದೇ ದಿನ ಓಹಾಯೋದ ಶಿಕ್ಷಕರಿಗೆ ವಿಧಿಸಿದ್ದ ಶಿಕ್ಷೆಯೂ ರದ್ದಾಯಿತು.

ದಂಡ ಎಂಬ ಪದವನ್ನು ಓದಿದಾಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುಗುಳ್ನಕ್ಕಿರಬಹುದು, ಕೆಲವರು ನಕ್ಕಿರಲಾರರು. 1984ರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇಂಗ್ಲಿಷ್ ಪೀರಿಯಡ್ಡಿನ ಹುಚ್ಚು. ತರಗತಿಯಲ್ಲಿ ತುಳು ಮಾತಾಡಿದವರಿಗೆ ಹತ್ತು ಪೈಸೆ ದಂಡ. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ. ವರ್ಷದ ಕೊನೆಗೆ ಆ ಹಣದಿಂದ ತರಗತಿಗೆ ಒಂದು ನಿಘಂಟು ಕೊಂಡೆವು; ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ನನ್ನ ಮನೆಮಾತೂ ತುಳುವೇ ಎಂಬುದನ್ನು ನೀವು ಬಲ್ಲಿರಿ. ನಾಲ್ಕೈದು ವರ್ಷ ಈ ಪದ್ಧತಿ ನಡೆಯಿತು. ಅನಂತರ ತಾನಾಗಿ ನಿಂತಿತು. ನಾನು ತಪ್ಪೆಂದು ತಿಳಿದು ನಿಲ್ಲಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ವರ್ಷಗಳ ಬಳಿಕ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಗೃಹಸ್ಥರು, "ನಾನು ನಿಮ್ಮ ವಿದ್ಯಾರ್ಥಿ ಸರ್" ಎಂದರು. ನೆನಪಾಗಲಿಲ್ಲ. "ನೆನಪಿರಲಿಕ್ಕಿಲ್ಲ, ನಾನು ಒಂಬತ್ತನೆಯಲ್ಲಿ ಬಿಟ್ಟೆ. ನಿಮ್ಮ ಕ್ಲಾಸಿನಲ್ಲಿ ನಾನು ಮಾತಾಡಿದವನೇ ಅಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲ, ತುಳುವಿಗೆ ಹತ್ತು ಪೈಸೆ ಇರುತ್ತಿರಲಿಲ್ಲ" ಎಂದು ನಗುತ್ತಲೇ ಹೇಳಿ, ನನ್ನ ಎಲೆಗೆ ಪಾಯಸ ಹಾಕಿಸಿದರು. ಅವರು ತುಳುವಿನಲ್ಲಿಯೇ ಹೇಳಿದರು, ನಾನೂ ತುಳುವಿನಲ್ಲಿಯೇ ಏನೋ ಗೊಣಗಿದೆ. ಕಾಕ್ಸನ ಆ ಸಹಿಯನ್ನು ಕಟುವಾಗಿ ಟೀಕಿಸಲು ಲೇಖನಿ ಎತ್ತಿದಾಗಲೆಲ್ಲ ಆ ಪಾಯಸ ಗಂಟಲಿಗೆ ಬರುತ್ತದೆ.

ಇನ್ನು 1920. ಡೆಮಾಕ್ರಟಿಕ್ ಪಕ್ಷದ ಸಮಾವೇಶ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದು, ನಲವತ್ತನಾಲ್ಕನೆಯ ಸುತ್ತಿನ ಮತದಾನದಲ್ಲಿ ಕಾಕ್ಸ್ ಅಧ್ಯಕ್ಷ ಪದವಿಯ ಅಭ್ಯರ್ಥಿಯಾದ. ಉಪಾಧ್ಯಕ್ಷ ಸ್ಥಾನಕ್ಕೆ ಮೂವತ್ತೆಂಟರ ತರುಣ ಫ್ರಾಂಕ್ಲಿನ್ ರೂಸ್‌ವೆಲ್ಟ್. ಎದುರಾಳಿ ವಾರನ್ ಹಾರ್ಡಿಂಗ್ ಕೂಡ ಓಹಾಯೋದವನೇ, ಅವನೂ ಪತ್ರಿಕೆಯ ಒಡೆಯನೇ. 1884ರಲ್ಲಿ ಗೆಳೆಯರೊಂದಿಗೆ 300 ಡಾಲರಿಗೆ ಕೊಂಡ 'ಮೇರಿಯನ್ ಸ್ಟಾರ್' ಅವನದು. ಮೂರನೆಯವನಾಗಿ ಸಮಾಜವಾದಿ ಯೂಜೀನ್ ಡೆಬ್ಸ್, ಯುದ್ಧದ ವಿರುದ್ಧ ಓಹಾಯೋದಲ್ಲಿ ಮಾಡಿದ ಭಾಷಣಕ್ಕಾಗಿ ಅಟ್ಲಾಂಟದ ಜೈಲಿನಲ್ಲಿದ್ದುಕೊಂಡೇ ಸ್ಪರ್ಧಿಸಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದ.

ಜುಲೈ 18ರಂದು ಕಾಕ್ಸ್ ಮತ್ತು ರೂಸ್‌ವೆಲ್ಟ್ ಶ್ವೇತಭವನಕ್ಕೆ ಹೋಗಿ ಪಾರ್ಶ್ವವಾಯುವಿನಿಂದ ಕುಗ್ಗಿದ್ದ ವಿಲ್ಸನ್ನನನ್ನು ಕಂಡರು. ಗಾಲಿಕುರ್ಚಿ, ಬೇಸಿಗೆಯಲ್ಲಿಯೂ ಹೆಗಲ ಮೇಲೆ ಶಾಲು. ರಾಷ್ಟ್ರಸಂಘದ ವಿಷಯದಲ್ಲಿ ತಾನು ಸಂಪೂರ್ಣವಾಗಿ ವಿಲ್ಸನ್ನನ ಜೊತೆಗಿರುವೆನೆಂದು ಕಾಕ್ಸ್ ಮಾತು ಕೊಟ್ಟ. ಅದು ಮತ ತರುವ ಮಾತಲ್ಲವೆಂಬುದು ಅವನಿಗೆ ತಿಳಿಯದ್ದೇನಲ್ಲ. ಸುಮಾರು 22,000 ಮೈಲಿ ಸುತ್ತಿ ಅದನ್ನೇ ಹೇಳಿದ. ಹಾರ್ಡಿಂಗ್ ಬಹುಪಾಲು ತನ್ನ ಮನೆಯ ಜಗಲಿಯಲ್ಲಿ ನಿಂತು ಬಂದವರಿಗೆ ಕೈಬೀಸಿದ. ನವೆಂಬರ್ 2ರಂದು, ದೇಶದ ಹೆಂಗಸರೆಲ್ಲ ಮತದಾನದ ಹಕ್ಕು ಪಡೆದ ಮೊದಲ ಅಧ್ಯಕ್ಷ ಚುನಾವಣೆಯಲ್ಲಿ, ಹಾರ್ಡಿಂಗನಿಗೆ ಶೇಕಡ 60, ಕಾಕ್ಸನಿಗೆ ಶೇಕಡ 34. ಚುನಾಯಕ ಮತಗಳು 404, 127. ಸ್ವಂತ ರಾಜ್ಯವೂ ಕೈಬಿಟ್ಟಿತು. ಜರ್ಮನ್ ಮೂಲದ ಮತದಾರರು ವಿಲ್ಸನ್ನನ ಯುದ್ಧವನ್ನೂ ಮರೆತಿರಲಿಲ್ಲ, ಕಾಕ್ಸನ ಭಾಷಾ ಕಾನೂನನ್ನೂ ಮರೆತಿರಲಿಲ್ಲ.

ಮತ್ತೆ ಅವನು ಯಾವ ಚುನಾವಣೆಗೂ ನಿಲ್ಲಲಿಲ್ಲ. ಪತ್ರಿಕೆಗಳಿಗೆ ಮರಳಿದ. 1923ರಲ್ಲಿ ಮಯಾಮಿಯಲ್ಲಿ ಒಂದು, 1939ರಲ್ಲಿ 'ಅಟ್ಲಾಂಟ ಜರ್ನಲ್', ಅದರೊಂದಿಗೆ ಒಂದು ರೇಡಿಯೋ ಕೇಂದ್ರ. ಅಂದಿನ ಜೊತೆಗಾರ ರೂಸ್‌ವೆಲ್ಟ್ ಅಧ್ಯಕ್ಷನಾದ ಮೇಲೆ 1933ರ ಲಂಡನ್ ಆರ್ಥಿಕ ಸಮ್ಮೇಳನಕ್ಕೆ ಅವನನ್ನು ಪ್ರತಿನಿಧಿಯಾಗಿ ಕಳುಹಿಸಿದ. 1946ರಲ್ಲಿ ಆತ್ಮಕಥೆ ಪ್ರಕಟಿಸಿದ. 1957ರ ಜುಲೈ 15ರಂದು, ಎಂಬತ್ತೇಳರ ವಯಸ್ಸಿನಲ್ಲಿ, ತೀರಿಕೊಂಡ.

ಡೇಟನ್ನಿನ ವುಡ್‌ಲ್ಯಾಂಡ್ ಸ್ಮಶಾನದಲ್ಲಿ ರೈಟ್ ಸಹೋದರರ ಸಮಾಧಿಗಳಿವೆ. ಪ್ಯಾಟರ್ಸನ್ನನದೂ ಅಲ್ಲಿಯೇ, ಕಾಕ್ಸನದೂ ಅಲ್ಲಿಯೇ. ನಾವು ಹೋದ ದಿನ ಜಿಟಿಜಿಟಿ ಮಳೆ. ಶಾಲಾಮಕ್ಕಳ ಒಂದು ಗುಂಪು ರೈಟ್ ಸಹೋದರರ ಕಲ್ಲಿನ ಸುತ್ತ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಿತ್ತು. ಅವರ ಮೇಷ್ಟರು ಮುಂದಿನ ಸಮಾಧಿಗಳತ್ತ ಅವರನ್ನು ಕರೆದೊಯ್ಯಲಿಲ್ಲ, ಹೊತ್ತಾಗಿತ್ತೋ ಏನೋ.

1991ರ ಆ ಹುಡುಗಿ ಯಾರೆಂಬುದು ನನಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಎಡಬದಿಯ ಮೂರನೆಯ ಬೆಂಚು, ಕಿಟಕಿಯ ಪಕ್ಕ, ಎರಡು ಜಡೆ. ಆ ವರ್ಷದ ತರಗತಿಯವರು ಯಾರಾದರೂ ಇದನ್ನು ಓದಿದರೆ ಅವಳಿಗೆ ತಲುಪಿಸಿ.